ನಲವತ್ತೊಂದಕ್ಕೆ ಹಳದಿ

ಹಳದಿಯೇ ಇರಬೇಕು. ಕೆಂಪಾಗಿದ್ದರೆ ದೊಡ್ಡಪ್ಪ ಇಷ್ಟು ಚುಟುಕಾಗಿ ಬಿಡುತ್ತಿದ್ದರೇ? ಆದರೆ ಅವರು ಯಾವುದಕ್ಕೆ ತಾನೇ ಉದ್ದ ಬರೆದಿದ್ದಾರೆ? ಮನೆಗೆ ಬೆಂಕಿ ಬಿದ್ದರೂ ‘ಬಿಸಿ’ ಎಂದಷ್ಟೇ ಬರೆದು ಕೂರುವ ಆಸಾಮಿ. ಹಾಗಾದರೆ ಕೆಂಪೂ ಇರಬಹುದು. ಇಲ್ಲ, ಕೆಂಪು ಬಳಿದರೆ ಕಾರಣ ಬರೆಯಬೇಕು. ಕಾರಣ ಬರೆಯದಿದ್ದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಹಳದಿಗೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಲವತ್ತೊಂದನೆಯ ನಿಯಮ ಬೆಳಗಿನಿಂದ ಅವನ ಪರದೆಯ ಮೇಲೆ ಹಾಗೇ ಕೂತಿತ್ತು. ಅದರ ಎದುರಿಗಿದ್ದ ಹಳೆಯ ಸಂದೇಶ ಇಷ್ಟೇ: ‘ತಪ್ಪು. ಬಂದು ಕೇಳು.’

ಕೇಳಬೇಕಾದವರು, ಆಫೀಸಿನವರೆಲ್ಲ ದೊಡ್ಡಪ್ಪ ಎಂದು ಕರೆಯುತ್ತಿದ್ದ ಹಿರಿಯರು, ಮೂರು ಮೇಜಿನಾಚೆ ಕೂತು, ಡ್ರಾಯರಿನಿಂದ ಹಳೆಯ ಪೆನ್ನುಗಳನ್ನು ತೆಗೆದು ಒಂದೊಂದನ್ನೇ ಕಾಗದದ ಮೇಲೆ ಗೀಚಿ ನೋಡುತ್ತಿದ್ದರು. ಬರೆಯುವವು ಒಂದು ಕಡೆ, ಬರೆಯದವು ಕಸದ ಬುಟ್ಟಿಗೆ. ಆ ವಾರ ಅವರ ನಿವೃತ್ತಿ.

ಆ ಕಂಪನಿ ಲಿಫ್ಟುಗಳನ್ನು ನಡೆಸುವ ಕೋಡ್ ಬರೆಯುತ್ತಿತ್ತು. ಕಬ್ಬಿಣ, ಹಗ್ಗ, ಮೋಟಾರು ಬೇರೆಯವರದು. ಯಾವ ಮಹಡಿಗೆ ಮೊದಲು ಹೋಗಬೇಕು, ಎಲ್ಲಿ ನಿಧಾನಿಸಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬ ಬುದ್ಧಿ ಇವರದು. ಯಾರು ಏನೇ ಬರೆದರೂ ಅದು ಲಿಫ್ಟಿನೊಳಗೆ ಹೋಗುವ ಮುಂಚೆ ಒಂದು ತಪಾಸಣೆಯ ಪ್ರೋಗ್ರಾಂ ಅದನ್ನು ಸಾಲುಸಾಲಾಗಿ ಓದಿ, ಅನುಮಾನ ಬಂದ ಕಡೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಮಾತು ಹೇಳುತ್ತಿತ್ತು. ಇಂಥವಕ್ಕೆ ಲಿಂಟರ್ ಎನ್ನುತ್ತಾರೆ. ಆ ಆಫೀಸಿನಲ್ಲಿ ಮಾತ್ರ ಅದರ ಹೆಸರು ಅತ್ತೆ. ಹೆಸರಿಟ್ಟವಳು ಆಗಷ್ಟೇ ಮದುವೆಯಾಗಿದ್ದ ಹುಡುಗಿಯೊಬ್ಬಳಂತೆ; ಅವಳು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಹೆಸರು ಉಳಿದಿತ್ತು. ‘ಅತ್ತೆ ಒಪ್ಪಿದ್ಲಾ?’ ಎನ್ನುವುದು ಅಲ್ಲಿ ಊಟ ಆಯ್ತಾ ಎನ್ನುವಷ್ಟೇ ಸಹಜವಾದ ಮಾತು. ಅತ್ತೆಯ ಗೊಣಗಾಟ ಬೇಡವೆನಿಸಿದರೆ ಕೋಡಿನಲ್ಲಿ ಆ ಜಾಗದ ಮೇಲೆ ಒಂದು ಸಾಲು ಸೇರಿಸಿದರೆ ಸಾಕು, ಮತ್ತೆಂದೂ ಅವಳು ಅಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೆ ಬೀಗ ಹಾಕುವುದು ಎನ್ನುತ್ತಿದ್ದರು.

ಅತ್ತೆಯನ್ನು ಬರೆದವರೇ ದೊಡ್ಡಪ್ಪ. ಸೊಸೆಯರ ಮೇಲೆ ಅವರಿಗೇನೂ ಕರುಣೆ ಇರಲಿಲ್ಲ. ‘ಇದು ಕೋಡಲ್ಲ.’ ‘ಮತ್ತೆ ಯೋಚಿಸು.’ ‘ತಪ್ಪು. ಬಂದು ಕೇಳು.’ ಹೊಸಬರು ಮುಖ ಸಣ್ಣದು ಮಾಡಿಕೊಂಡು ಅವರ ಮೇಜಿಗೆ ಹೋಗುವುದು, ಅವರು ಕನ್ನಡಕವನ್ನು ಹಣೆಗೇರಿಸಿ ಬೈಯುತ್ತ ಬೈಯುತ್ತಲೇ ಪಕ್ಕದ ಕುರ್ಚಿ ಎಳೆದು ಕೂರಿಸಿಕೊಳ್ಳುವುದು ದಿನವಿಡೀ ನಡೆಯುತ್ತಿತ್ತು. ಆ ಕುರ್ಚಿಯ ಮೆತ್ತೆ ತಗ್ಗು ಬಿದ್ದಿತ್ತು. ಈಗ ದೊಡ್ಡಪ್ಪ ಹೊರಟರು. ಬಂದು ಕೇಳು ಎಂದರೆ ಯಾರನ್ನು ಕೇಳುವುದು? ಹಾಗಾಗಿ ಆಫೀಸಿನ ಮುಖ್ಯಸ್ಥೆ ಮೇಡಂ ಅವನನ್ನು ಒಳಗೆ ಕರೆದು ಹೇಳಿದ್ದರು: ಸಂದೇಶಗಳನ್ನೆಲ್ಲ ಹೊಸಬರಿಗೆ ತಾವಾಗಿಯೇ ಅರ್ಥವಾಗುವಂತೆ ತಿದ್ದಿ ಬರೆಯಬೇಕು. ಏನು ತಪ್ಪು, ಯಾಕೆ ತಪ್ಪು, ಹೇಗೆ ಸರಿಮಾಡುವುದು, ಮೂರೂ ಇರಬೇಕು. ಜೊತೆಗೆ ಪ್ರತಿ ನಿಯಮಕ್ಕೂ ಒಂದು ಬಣ್ಣ. ಅಪಾಯದ್ದಕ್ಕೆ ಕೆಂಪು, ಬರೀ ಅಚ್ಚುಕಟ್ಟಿನದ್ದಕ್ಕೆ ಹಳದಿ. ಹಳದಿಗೆ ಯಾರು ಬೇಕಾದರೂ ಬೀಗ ಹಾಕಿಕೊಳ್ಳಬಹುದು. ಕೆಂಪಿಗೆ ಹಾಕುವ ಮುಂಚೆ ಹಿರಿಯರೊಬ್ಬರನ್ನು ಕೇಳಬೇಕು. ಅದು ಬಾಯಿಮಾತಿನ ಕಟ್ಟಳೆ, ಯಂತ್ರ ತಡೆಯುತ್ತಿರಲಿಲ್ಲ.

“ನಿಮಗೆ ಬರೆಯೋದು ಬರುತ್ತೆ, ಮಾತು ಕಮ್ಮಿ. ಈ ಕೆಲಸಕ್ಕೆ ಅಂಥೋರೇ ಬೇಕು” ಎಂದಿದ್ದರು ಮೇಡಂ. ಅರ್ಥವಾಗದ್ದೇನಾದರೂ ಉಳಿದಿದೆಯಾ ಎಂದು ಹಿಂದಿನ ದಿನ ಕೇಳಿದಾಗ ಅವನು ಇಲ್ಲ ಎಂದಿದ್ದ. ಆಗ ಉಳಿದಿದ್ದದ್ದು ನಲವತ್ತೊಂದು ಒಂದೇ. ಒಂದಕ್ಕೋಸ್ಕರ ಹೌದು ಎನ್ನುವುದೇನು ಎಂದುಕೊಂಡಿದ್ದ.

ಆ ನಿಯಮದ ಒಳಗನ್ನು ಅವನು ಹಲವು ಸಲ ಓದಿದ್ದ. ಕೋಡಿನಲ್ಲಿ ಒಂದು ಮಾಹಿತಿಯನ್ನು ಓದಿ ಇಟ್ಟುಕೊಂಡು, ನಡುವೆ ಒಂದಷ್ಟು ಕಾದು, ಆಮೇಲೆ ಆ ಇಟ್ಟುಕೊಂಡದ್ದನ್ನು ಬಳಸಿದರೆ ಅತ್ತೆ ಗೆರೆ ಎಳೆಯುತ್ತಿದ್ದಳು. ಏನನ್ನು ಹಿಡಿಯುತ್ತಾಳೆ ಎಂಬುದು ತಿಳಿಯಿತು. ಯಾಕೆ ಎಂಬುದು ತಿಳಿಯಲಿಲ್ಲ. ಇಟ್ಟ ಜಾಗಕ್ಕೂ ಬಳಸಿದ ಜಾಗಕ್ಕೂ ದೂರವಾದರೆ ಓದುವವರಿಗೆ ಎಳೆ ತಪ್ಪುತ್ತದೆ, ಅದಕ್ಕೇ ಇರಬೇಕು. ಇರಬೇಕು.

ಎದ್ದ. ಮೂರು ಮೇಜು ದಾಟಿದ. ದೊಡ್ಡಪ್ಪ ಗೀಚುವುದನ್ನು ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದರು. ತಗ್ಗು ಬಿದ್ದ ಕುರ್ಚಿಯನ್ನು ಕಾಲಿನಿಂದಲೇ ಅವನತ್ತ ತಳ್ಳಿದರು.

“ಏನಪ್ಪಾ?”

ಆ ಕುರ್ಚಿಯಲ್ಲಿ ಅವನು ಕೆಲಸಕ್ಕೆ ಸೇರಿದಾಗಲೂ ಕೂತವನಲ್ಲ. ಬೇರೆಯವರು ಕೂತಾಗ ಹಿಂದೆ ನೀರಿನ ಬಾಟಲಿ ತುಂಬಿಸುವವನಂತೆ ನಿಂತು, ಅವರಿಗೆ ಹೇಳಿದ್ದನ್ನು ತಾನೂ ಕೇಳಿಸಿಕೊಂಡು ಕಲಿತವನು. ಮನೆಯಲ್ಲೂ ಹಾಗೇ. ಕೇಳುವುದು ತಂಗಿಯ ಕೆಲಸ, ಪಕ್ಕದಲ್ಲಿ ಕೂತು ಉತ್ತರ ಹೆಕ್ಕಿಕೊಳ್ಳುವುದು ಅವನದು.

“ಚಾರ್ಜರ್ ಇದೆಯಾ ಸರ್?” ಎಂದ.

ದೊಡ್ಡಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿ, ಡ್ರಾಯರಿಗೆ ಕೈ ಹಾಕಿ ಒಂದು ಚಾರ್ಜರ್ ತೆಗೆದುಕೊಟ್ಟರು. ಅದು ಅವನ ಫೋನಿಗೆ ಹೊಂದುವಂಥದ್ದಲ್ಲ. ಅದನ್ನು ತಂದು ಗೋಡೆಗೆ ಸಿಕ್ಕಿಸಿ, ತುದಿಯನ್ನು ಫೋನಿನಡಿ ಮರೆಮಾಡಿ ಕೂತ. ಆಮೇಲೆ ಬರೆದ: ‘ಇಲ್ಲಿ ಇಟ್ಟುಕೊಂಡ ಮಾಹಿತಿಯನ್ನು ಬಹಳ ಕೆಳಗೆ ಬಳಸಿದ್ದೀರಿ. ಎರಡನ್ನೂ ಹತ್ತಿರ ತಂದರೆ ಓದುವವರಿಗೆ ಸುಲಭ. ಹೀಗೇ ಇರಲಿ ಎನಿಸಿದರೆ ಬೀಗದ ಸಾಲು ಸೇರಿಸಬಹುದು.’

ಚೆಂದವಾದ ವಾಕ್ಯಗಳು. ಒಂದು ಒರಟು ಪದವಿರಲಿಲ್ಲ. ಹಳದಿ ಒತ್ತಿದ.

ಬೀಳ್ಕೊಡುಗೆಯ ದಿನ ಕೇಕಿನ ತುಂಡು ಹಿಡಿದು ನಿಂತ ದೊಡ್ಡಪ್ಪ ಎಲ್ಲರ ಕಾಲೆಳೆದರು. ಇನ್ನು ಅತ್ತೆಗೆ ಸಕ್ಕರೆ ಬಾಯಿ ಬಂತು, ಸೊಸೆಯರೆಲ್ಲ ಹಾಳಾದಿರಿ ಎಂದರು. ಅವನ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿತು.

“ಎಲ್ಲಾ ಅರ್ಥ ಆಯ್ತಾ?”

“ಆಯ್ತು ಸರ್.”

“ಒಂದೂ ಉಳೀಲಿಲ್ವಾ?”

ಅವನು ಇಲ್ಲವೆಂದು ತಲೆಯಾಡಿಸಿದ. ದೊಡ್ಡಪ್ಪ ಕೇಕನ್ನು ತಿನ್ನದೆ ತಟ್ಟೆಯಲ್ಲಿಟ್ಟು, ಸರಿ ಎಂದರು. ಲಿಫ್ಟಿನಲ್ಲೇ ಇಳಿದು ಹೋದರು.

ಅವರು ಸದಾ ಲಿಫ್ಟಿನಲ್ಲೇ ಹೋಗುತ್ತಿದ್ದರು. ಮಂಡಿ ನೋವು ಒಂದು ಕಾರಣ. ಇನ್ನೊಂದು, ಅವರೇ ಹಾಕಿಕೊಟ್ಟ ಪದ್ಧತಿ. ಹೊಸ ಕೋಡ್ ಹೊರಗಿನ ಯಾವ ಕಟ್ಟಡಕ್ಕೆ ಹೋಗುವ ಮುಂಚೆಯೂ ಮೊದಲು ಆಫೀಸಿನ ಲಿಫ್ಟಿಗೆ ಹಾಕಬೇಕು. ಕೆಲವು ವಾರ ಬರೆದವರೇ ಅದರಲ್ಲಿ ಹತ್ತಿ ಇಳಿಯಬೇಕು. ‘ಬೀಳೋದಾದ್ರೆ ನಾವೇ ಮೊದಲು ಬೀಳೋಣ’ ಎನ್ನುತ್ತಿದ್ದರು. ಆಫೀಸಿದ್ದ ನಾಲ್ಕನೆಯ ಮಹಡಿಯವರೆಗೂ ಆ ಮಾತಿಗೆ ಯಾರಾದರೂ ನಗುತ್ತಿದ್ದರು.

ಹೊಸ ಸಂದೇಶಗಳು ಬಂದ ಮೇಲೆ ಆಫೀಸು ಮೆಲ್ಲಗೆ ಬದಲಾಯಿತು. ಹೊಸಬರು ಈಗ ಎದ್ದು ಓಡಾಡುತ್ತಿರಲಿಲ್ಲ. ಅತ್ತೆ ಗೆರೆ ಎಳೆಯುವಳು, ಅವರು ಓದುವರು, ತಿದ್ದುವರು ಅಥವಾ ಬೀಗ ಹಾಕುವರು, ಮುಂದಕ್ಕೆ ಹೋಗುವರು. ತಗ್ಗು ಬಿದ್ದ ಕುರ್ಚಿಯನ್ನು ಯಾರೋ ಗೋಡೆಯ ಬದಿಗೆ ಸರಿಸಿ ಅದರ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟರು. ಮಧ್ಯಾಹ್ನದ ಹೊತ್ತು ಕೀಲಿಮಣೆಗಳ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅವನಿಗೆ ಮೊದಮೊದಲು ಅದು ಹಿತವೆನಿಸಿತು. ಮೌನ ಅವನಿಗೆ ಎಂದೂ ಭಾರವಾಗಿರಲಿಲ್ಲ. ಆದರೆ ಈ ಮೌನ ತಾನು ಬರೆದದ್ದರಿಂದ ಹುಟ್ಟಿದ್ದು ಎಂಬ ಯೋಚನೆ ಬಂದಾಗ ಬೆನ್ನ ಹಿಂದೆ ಯಾರೋ ನಿಂತು ಪರದೆ ಓದುತ್ತಿರುವಂತೆ ಆಗುತ್ತಿತ್ತು. ತಿರುಗಿ ನೋಡಿದರೆ ಕುರ್ಚಿ, ಪೆಟ್ಟಿಗೆ.

ಹೊಸಬರಲ್ಲಿ ಅವನ ತಂಗಿಯೂ ಒಬ್ಬಳು. ಸೇರಿ ಕೆಲವೇ ತಿಂಗಳಾಗಿತ್ತು. ದೊಡ್ಡಪ್ಪನ ಮೇಜಿಗೆ ಅತಿ ಹೆಚ್ಚು ಸಲ ಹೋಗಿ, ಅತಿ ಹೆಚ್ಚು ಬೈಸಿಕೊಂಡು, ನಗುತ್ತ ಬರುತ್ತಿದ್ದವಳು ಅವಳೇ. ಅವರು ಅವಳಿಗೆ ‘ಯಾಕಮ್ಮ’ ಎಂದೇ ಹೆಸರಿಟ್ಟಿದ್ದರು. ಈಗ ಬಸ್ಸಿನಲ್ಲಿ ಅವನ ಪಕ್ಕ ಕೂತು, ದೊಡ್ಡಪ್ಪನ ಅತ್ತೆಗಿಂತ ಅಣ್ಣನ ಅತ್ತೆಯೇ ವಾಸಿ ಎನ್ನುತ್ತಿದ್ದಳು. ಬಾಗಿಲು ತೆರೆಯುವ ಭಾಗದ ಕೋಡನ್ನು ಪೂರ್ತಿಯಾಗಿ ಅವಳಿಗೇ ಒಪ್ಪಿಸಿದ್ದರು. ಒಬ್ಬರನ್ನೂ ಕೇಳದೆ ಮುಗಿಸಿದೆ ಎಂದು ಅವಳು ಹೇಳಿದ ದಿನ ಅಮ್ಮ ಅವಳ ತಲೆ ನೇವರಿಸಿ, ನಿನ್ನ ಬಾಯಿಗೆ ರಜಾ ಕೊಟ್ಟವರು ಯಾರೇ ಎಂದು ನಕ್ಕಳು. ತಂಗಿ ಅಣ್ಣನತ್ತ ಕೈ ತೋರಿಸಿದಳು.

ಆ ಕೋಡ್ ಆಫೀಸಿನ ಲಿಫ್ಟಿಗೆ ಬಂದ ಮೇಲೆ ಒಂದು ಸಣ್ಣ ವ್ಯತ್ಯಾಸವಾಯಿತು. ಬಾಗಿಲು ತೆರೆದಾಗ ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಒಂದು ಬೆರಳು ತಗ್ಗಿನಲ್ಲಿರುತ್ತಿತ್ತು. ಯಾವಾಗಲೂ ಅಲ್ಲ. ಜನ ತುಂಬಿದ್ದಾಗ. ಚಹಾ ತರುವವನ ತಟ್ಟೆ ಒಮ್ಮೆ ಅಲುಗಾಡಿ ಲೋಟ ಬಿತ್ತು. ಎತ್ತರದ ಚಪ್ಪಲಿಯ ಒಬ್ಬಳು ಎಡವಿ, ಗೋಡೆ ಹಿಡಿದು, ಚಪ್ಪಲಿಗೇ ಬೈದಳು. ಲಿಫ್ಟಿನವರು ಬಂದು ಹಗ್ಗ, ಬ್ರೇಕು ನೋಡಿ ಎಲ್ಲ ಸರಿಯಿದೆ ಎಂದು ಹೋದರು. ಜನ ಇಳಿಯುವಾಗ ಕಾಲೆತ್ತಿ ಇಡುವುದನ್ನು ತಮಗೇ ತಿಳಿಯದಂತೆ ರೂಢಿ ಮಾಡಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಅವನು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಬರುವಾಗ ದೊಡ್ಡ ರಸ್ತೆ ದಾಟಬೇಕಿತ್ತು. ಅಮ್ಮ ಅಂಚಿನಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ರಸ್ತೆ ಖಾಲಿಯಿತ್ತು. ಆಗ ಚಪ್ಪಲಿಯ ಪಟ್ಟಿ ಜಾರಿತು. ಬಗ್ಗಿ, ನಿಧಾನವಾಗಿ ಸರಿಮಾಡಿಕೊಂಡು, ಎದ್ದು, ನೇರ ರಸ್ತೆಗೆ ಇಳಿದಳು. ಅವನು ಅವಳ ಸೆರಗು ಹಿಡಿದು ಹಿಂದಕ್ಕೆಳೆದಾಗ ಒಂದು ವ್ಯಾನು ಅವಳ ಚೀಲಕ್ಕೆ ತಾಗಿಕೊಂಡೇ ಹೋಯಿತು.

“ನೋಡಿದ್ನಲ್ಲೋ” ಎಂದಳು ಅಮ್ಮ. “ಖಾಲಿ ಇತ್ತು. ನೋಡೇ ಇಳಿದದ್ದು.”

“ಯಾವಾಗ ನೋಡಿದ್ದು?”

“ಆಗ್ಲೇ.”

ಅವನ ಕೈ ಸೆರಗನ್ನು ಬಿಡಲಿಲ್ಲ. ನೋಡಿದ್ದು, ಇಟ್ಟುಕೊಂಡದ್ದು, ನಡುವೆ ಕಾದದ್ದು, ಆಮೇಲೆ ಆ ಹಳೆಯ ನೋಟದ ಮೇಲೆ ಹೆಜ್ಜೆ ಇಟ್ಟದ್ದು. ನಲವತ್ತೊಂದು. ಲಿಫ್ಟು ಮಹಡಿಗೆ ಬಂದು ನಿಲ್ಲುತ್ತದೆ. ನೆಲ ಸಮವಾಗಿದೆಯೇ ಎಂದು ಕೋಡ್ ನೋಡುತ್ತದೆ. ಸಮವಾಗಿದೆ. ಬ್ರೇಕು ಕಚ್ಚಿಕೊಳ್ಳಲಿ ಎಂದು ಒಂದು ಗಳಿಗೆ ಕಾಯುತ್ತದೆ. ಆ ಗಳಿಗೆಯಲ್ಲಿ ಒಳಗಿನ ಭಾರಕ್ಕೆ ಲಿಫ್ಟು ಚೂರು ಕುಸಿಯುತ್ತದೆ. ಮತ್ತೊಮ್ಮೆ ನೋಡಬೇಕು. ನೋಡದೆ ಬಾಗಿಲು ತೆರೆಯುತ್ತದೆ, ಆಗಲೇ ನೋಡಿದ್ದೇನಲ್ಲ ಎಂದುಕೊಂಡು. ಗೇಣುದ್ದ ತಪ್ಪಿದರೆ ಲಿಫ್ಟಿನ ಬೇರೆ ಕಾವಲುಗಳು ತಡೆಯುತ್ತವೆ. ನಾಲ್ಕು ಬೆರಳನ್ನು ತಡೆಯಬೇಕಾದದ್ದು ಕೋಡು. ಓದುವವರಿಗೆ ಸುಲಭವಾಗಲಿ ಎಂದಲ್ಲ ಆ ನಿಯಮ. ಕಾಲು ಇಡುವವರಿಗೆ.

ಮನೆಗೆ ಬಂದವನೇ ಕಂಪ್ಯೂಟರ್ ತೆರೆದ. ಹಳದಿಯನ್ನು ತೆಗೆದು ಕೆಂಪು ಮಾಡಿದ. ಸಂದೇಶವನ್ನು ಹೊಸದಾಗಿ ಬರೆದ: ‘ಅಪಾಯ. ಕಾಯುವ ಮುಂಚೆ ನೋಡಿದ್ದನ್ನು ಕಾದ ಮೇಲೆ ನಂಬಬೇಡಿ. ಅಷ್ಟರಲ್ಲಿ ಲಿಫ್ಟು ಸರಿದಿರಬಹುದು. ಬಾಗಿಲು ತೆರೆಯುವ ಮುನ್ನ ಮತ್ತೊಮ್ಮೆ ನೋಡಿ.’ ಇದಕ್ಕಿಂತ ಚೆನ್ನಾಗಿ ಅವನು ಏನನ್ನೂ ಬರೆದಿರಲಿಲ್ಲ. ಏನು ಬದಲಾಯಿಸಿದಿರಿ ಎಂದು ಕಂಪ್ಯೂಟರ್ ಕೇಳಿದಾಗ ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆದು ಉಳಿಸಿದ.

ಆಮೇಲೆ ಹುಡುಕಿದ. ಈಗಾಗಲೇ ಬೀಗ ಬಿದ್ದ ಕಡೆ ಅತ್ತೆ ಮತ್ತೆ ಮಾತಾಡುವುದಿಲ್ಲ, ಹಳದಿ ಕೆಂಪಾದರೂ. ನಲವತ್ತೊಂದಕ್ಕೆ ಬೀಗ ಇದ್ದದ್ದು ಒಂದೇ ಕಡೆ, ಬಾಗಿಲಿನ ಕೋಡಿನಲ್ಲಿ. ಹಾಕಿದವರ ಹೆಸರಿನ ಜಾಗದಲ್ಲಿ ತಂಗಿ.

ಅವಳು ಪಕ್ಕದ ಕೋಣೆಯಲ್ಲಿ ತಲೆ ಒರೆಸಿಕೊಳ್ಳುತ್ತ ಯಾವುದೋ ಹಾಡನ್ನು ಅರ್ಧಂಬರ್ಧ ಗುನುಗುತ್ತಿದ್ದಳು. ಆ ಬೀಗದ ಸಾಲನ್ನು ಅವನೇ ತೆಗೆಯಬಹುದಿತ್ತು. ಆದರೆ ಆ ಕೋಡ್ ಅವಳದು. ಯಾರು ಮುಟ್ಟಿದರೂ ಒಪ್ಪಿಗೆಗೆ ಅವಳ ಮುಂದೆ ಬರುತ್ತದೆ. ಅವಳು ಯಾಕೆ ಎಂದು ಕೇಳುತ್ತಾಳೆ. ಕೇಳದೆ ಬಿಡುವವಳಲ್ಲ. ಯಾಕೆ ಎಂದರೆ ಅದು ಅಪಾಯ. ಅಪಾಯ ಆಗಿದ್ದರೆ ಹಳದಿ ಯಾಕೆ? ಅಲ್ಲಿಂದ ಮುಂದಿನ ಯಾಕೆಗೆ ಅವನ ಹತ್ತಿರ ಉತ್ತರ ಒಂದೇ ಇತ್ತು.

ಎದ್ದು ಅವಳ ಬಾಗಿಲಿಗೆ ಹೋಗಿ ನಿಂತ.

“ಏನೋ ಅಣ್ಣಾ?”

“ಅಮ್ಮ ಕರೀತಿದ್ದಾಳೆ” ಎಂದ.

ಅವಳು ಹೋದಳು. ನಾನೆಲ್ಲಿ ಕರೆದೆ ಎಂದು ಅಮ್ಮ ಅಡುಗೆಮನೆಯಿಂದ ಹೇಳುವುದು ಕೇಳಿಸಿತು.

ಹೊರಗಿನ ಕಟ್ಟಡಗಳಿಗೆ ಆ ಕೋಡ್ ಹೋಗಲು ಇನ್ನೂ ಸಮಯವಿತ್ತು. ಸೋಮವಾರ ಹೇಳಿದರಾಯಿತು ಎಂದುಕೊಂಡ. ಸೋಮವಾರ ಮೇಡಂ ಎಲ್ಲರನ್ನೂ ಕೂರಿಸಿ, ಹೊಸಬರು ಎದ್ದು ಹೋಗಿ ಕೇಳುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ ಎಂದು ಹೇಳಿ, ಅವನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ತಂಗಿ ಎಲ್ಲರಿಗಿಂತ ಜೋರಾಗಿ ಹೊಡೆದಳು. ಮಂಗಳವಾರ ಮೇಡಂ ರಜೆ. ಅವನು ಆ ಎರಡು ದಿನವೂ ಮೆಟ್ಟಿಲು ಹತ್ತಿಯೇ ಹೋದ. ವ್ಯಾಯಾಮ ಶುರುವಾಯ್ತಾ ಎಂದು ಕಾವಲುಗಾರ ಕೇಳಿದ್ದಕ್ಕೆ ಹೌದು ಎಂದ.

ಬುಧವಾರ ದೊಡ್ಡಪ್ಪ ಬಂದರು. ಯಾವುದೋ ಸಹಿ ಬಾಕಿಯಿತ್ತಂತೆ. ಕೆಳಗೆ ಹೋಗಿ ಕರೆತನ್ನಿ ಎಂದು ಮೇಡಂ ಅವನನ್ನೇ ಕಳಿಸಿದರು. ಅವನು ಇಳಿಯುವಷ್ಟರಲ್ಲಿ ಸುದ್ದಿ ಹರಡಿ, ಹೊರಗೆ ಊಟಕ್ಕೆ ಹೋಗಿದ್ದ ಹೊಸಬರೆಲ್ಲ ಅವರನ್ನು ಲಿಫ್ಟಿನೆದುರು ಮುತ್ತಿಕೊಂಡಿದ್ದರು. ತಂಗಿ ಅವರ ಚೀಲವನ್ನು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಿದ್ದಳು. ‘ಯಾಕಮ್ಮ, ನಿನ್ನ ಯಾಕೆಗಳನ್ನೆಲ್ಲ ಈಗ ಯಾರು ಸಹಿಸ್ತಾರೆ?’ ಎಂದು ಅವರು ಕೇಳುತ್ತಿದ್ದರು.

ಅವನು ಗುಂಪನ್ನು ದಾಟಿ ಅವರ ಹತ್ತಿರ ಹೋದ.

“ಮೆಟ್ಟಿಲಲ್ಲಿ ಹೋಗೋಣ್ವಾ ಸರ್?”

ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. “ನನ್ನ ಮಂಡಿ ನೋಡಿ ಮಾತಾಡೋ ಮಹರಾಯ. ಯಾಕೆ, ಏನಾಗಿದೆ ಲಿಫ್ಟಿಗೆ?”

ಬಾಗಿಲು ತೆರೆದುಕೊಂಡಿತು. ಅವರು ಅವನ ಉತ್ತರಕ್ಕೆ ಕಾದರು. ನಿಜವಾಗಿ ಕಾದರು, ಒಂದು ಕಾಲು ಒಳಗಿಟ್ಟು, ಬಾಗಿಲನ್ನು ಕೈಯಲ್ಲಿ ತಡೆದು.

“ಏನಿಲ್ಲ” ಎಂದ. “ರಶ್ ಇದೆ, ಅದಕ್ಕೆ.”

ಹೊಸಬರೆಲ್ಲ ಒಳಗೆ ನುಗ್ಗಿದರು. ಲಿಫ್ಟು ಕಿಕ್ಕಿರಿಯಿತು. ಬಾರೋ ಅಣ್ಣಾ, ಒಬ್ಬರಿಗೆ ಜಾಗ ಇದೆ ಎಂದು ತಂಗಿ ಕೈ ಚಾಚಿದಳು. ಅವನು ಬೇಡವೆಂದು ಕೈಯಾಡಿಸಿದ. ಬಾಗಿಲು ಮುಚ್ಚಿತು.

ಅವನು ಮೆಟ್ಟಿಲುಗಳನ್ನು ಓಡಿ ಹತ್ತಿದ. ಗೋಡೆಯಾಚೆ ಲಿಫ್ಟು ತನ್ನ ಜೊತೆಜೊತೆಗೇ ಏರುತ್ತಿರುವುದು ಕೇಳುತ್ತಿತ್ತು. ಒಳಗಿನ ನಗುವೂ ಕೇಳುತ್ತಿತ್ತು, ಡಬ್ಬಿಯೊಳಗಿಟ್ಟಂತೆ. ಬೀಳೋದಾದ್ರೆ ಎಂದು ದೊಡ್ಡಪ್ಪನ ದನಿ, ನಾವೇ ಮೊದಲು ಎಂದು ಉಳಿದವರ ಕೂಗು. ಅವನು ಮೂರನೆಯ ಮಹಡಿಯ ತಿರುವಿನಲ್ಲಿದ್ದಾಗ ಮೇಲೆ ಗಂಟೆ ಬಾರಿಸಿತು. ಬಾಗಿಲು ಸರಿದ ಸದ್ದು. ನಗು ಹೊರಗೆ ಹರಡಿತು.

ಆಮೇಲೆ ನಗು ನಿಂತಿತು.

ದೊಡ್ಡಪ್ಪನ ಸೊಂಟದ ಮೂಳೆ ಮುರಿದಿತ್ತು. ಎಲ್ಲರಿಗಿಂತ ಮೊದಲು ಅವರೇ ಇಳಿದದ್ದು. ಕಾಲಿನ ತುದಿ ಮಹಡಿಯ ಅಂಚಿಗೆ ಸಿಕ್ಕಿ, ಮುಂದಕ್ಕೆ ಬಿದ್ದಿದ್ದರು. ಅವರನ್ನು ಸಾಗಿಸಿದ ಮೇಲೆ ಯಾರೋ ಲಿಫ್ಟಿನ ಅಂಚಿಗೆ ಕೈಯಿಟ್ಟು ಅಳೆದರು. ಮತ್ತೆ ಅಷ್ಟೇ ಜನ ಒಳಗೆ ನಿಂತು ನೋಡಿದಾಗ ನಾಲ್ಕು ಬೆರಳು ತಗ್ಗು.

ಮರುದಿನ ಮೇಡಂ ಬಾಗಿಲಿನ ಕೋಡನ್ನು ದೊಡ್ಡ ಪರದೆಗೆ ಹಾಕಿಸಿದರು. ಬೀಗದ ಸಾಲು ಬೇಗ ಸಿಕ್ಕಿತು. ಯಾವುದಕ್ಕೆ ಬೀಗ ಎಂದು ನೋಡಲು ನಲವತ್ತೊಂದನ್ನು ತೆರೆದರು. ಕೆಂಪು. ಅಪಾಯ. ಬಾಗಿಲು ತೆರೆಯುವ ಮುನ್ನ ಮತ್ತೊಮ್ಮೆ ನೋಡಿ.

“ಇದಕ್ಕಿಂತ ಅರ್ಥ ಆಗೋ ಹಾಗೆ ಬರೆಯೋಕಾಗುತ್ತಾ?” ಎಂದರು ಮೇಡಂ. ಕೋಪವಿರಲಿಲ್ಲ, ದುಃಖವಿತ್ತು. ಕೆಲವರು ಅವನತ್ತ ನೋಡಿದರು, ಪಾಪ ಎನ್ನುವಂತೆ. ತಾನೇ ಇಷ್ಟು ಸ್ಪಷ್ಟವಾಗಿ ಎಚ್ಚರಿಸಿದ್ದನ್ನು ತಂಗಿಯೇ ಮೀರಿದಳಲ್ಲ ಎಂದು.

ತಂಗಿ ಪರದೆಯನ್ನೇ ನೋಡುತ್ತಿದ್ದಳು. “ನಾನು ಬೀಗ ಹಾಕಿದಾಗ ಅದು ಹಳದಿ ಇತ್ತು ಅಂತ ನೆನಪು” ಎಂದಳು. ಆ ದಿನ ಬಹಳ ಕೋಡ್ ಮುಗಿಸಿದ್ದೆಯಲ್ಲ, ಬೇರೆ ಯಾವುದೋ ಹಳದಿಯ ಜೊತೆ ಬೆರೆತಿರಬಹುದು ಎಂದು ಯಾರೋ ಮೃದುವಾಗಿ ಹೇಳಿದರು. ಅವಳು ಮತ್ತೊಮ್ಮೆ ಪರದೆ ನೋಡಿ, ಇರಬಹುದು ಎಂದಳು.

ಹಿಂದೆ ಅಲ್ಲಿ ಏನಿತ್ತು, ಯಾವತ್ತು ಬದಲಾಯಿತು, ಯಾರು ಬದಲಾಯಿಸಿದರು, ಎಲ್ಲ ಆ ಪರದೆಯ ಒಂದು ಮೂಲೆಯ ಗುಂಡಿಯ ಹಿಂದಿತ್ತು. ಆ ಆಫೀಸಿನಲ್ಲಿ ಎಲ್ಲರೂ ದಿನಕ್ಕೆ ಹತ್ತಾರು ಸಲ ಒತ್ತುವ ಗುಂಡಿ. ಅವನು ಅದನ್ನೇ ನೋಡುತ್ತ ಕೂತ. ಮೇಡಂ ಮಾತಾಡುತ್ತ ಬಾಣದ ಗುರುತನ್ನು ಆಡಿಸುತ್ತಿದ್ದರು. ಒಮ್ಮೆ ಅದು ಗುಂಡಿಯ ಮೇಲೆಯೇ ಬಂದು ನಿಂತಿತು. ಬಾಣ ಸರಿಯಿತು. ಯಾರೂ ಒತ್ತಲಿಲ್ಲ. ಇಷ್ಟು ಸ್ಪಷ್ಟವಾಗಿ ಕಾಣುವಾಗ ಹಿಂದಕ್ಕೆ ಹೋಗಿ ನೋಡಬೇಕೆಂದು ಯಾರಿಗೂ ಅನಿಸಲಿಲ್ಲ. ತಂಗಿಯೂ ಒತ್ತಲಿಲ್ಲ. ಅಣ್ಣ ಬರೆದದ್ದನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ.

ಬಾಗಿಲಿನ ಕೋಡನ್ನು ಬೇರೆಯವರಿಗೆ ಕೊಟ್ಟರು. ತಂಗಿಯನ್ನು ಯಾರೂ ಹೋಗು ಎನ್ನಲಿಲ್ಲ. ತಿಂಗಳ ಕೊನೆಗೆ ಅವಳೇ ಬಿಟ್ಟಳು.

ಆಸ್ಪತ್ರೆಗೆ ಅವನು ಒಬ್ಬನೇ ಹೋದ. ದೊಡ್ಡಪ್ಪ ದಿಂಬಿಗೊರಗಿ, ಕನ್ನಡಕ ಹಣೆಯ ಮೇಲಿಟ್ಟು ಮಲಗಿದ್ದರು. ಶಸ್ತ್ರಚಿಕಿತ್ಸೆ, ಊರುಗೋಲು, ಪಕ್ಕದ ಹಾಸಿಗೆಯವನ ಗೊರಕೆ ಎಲ್ಲದರ ಬಗ್ಗೆ ಮಾತಾಡಿದರು. ಅವನು ಏಳುವ ಹೊತ್ತಿಗೆ ಕೇಳಿದರು.

“ನಲವತ್ತೊಂದಾ?”

“ಹೌದು ಸರ್.”

ಅವರು ಚಾವಣಿ ನೋಡಿದರು. “ಅದನ್ನ ಕೇಳೋಕೆ ನೀನು ಒಂದಿನ ಬಂದಿದ್ದೆ ಅನ್ಸುತ್ತೆ” ಎಂದರು. “ಚಾರ್ಜರ್ ಇಸ್ಕೊಂಡು ಹೋದೆ.”

ಅವನು ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟ. ದೊಡ್ಡಪ್ಪ ಕನ್ನಡಕವನ್ನು ಕಣ್ಣಿಗೆ ಇಳಿಸಿ, ಗೋಡೆಯ ಕಡೆ ಮುಖ ತಿರುಗಿಸಿದರು.

ತಂಗಿ ಈಗ ಮನೆಯಲ್ಲೇ ಇರುತ್ತಾಳೆ. ಬೇರೆ ಕಡೆ ಅರ್ಜಿ ಹಾಕು ಎಂದು ಅಮ್ಮ ಹೇಳಿದರೆ, ಹಾಕುತ್ತೇನೆ ಎನ್ನುತ್ತಾಳೆ. ಅರ್ಜಿಯನ್ನು ತುಂಬುತ್ತಾಳೆ, ಓದುತ್ತಾಳೆ, ಮತ್ತೆ ಓದುತ್ತಾಳೆ, ಕಳಿಸುವುದಿಲ್ಲ. ಒಲೆ ಆರಿಸಿ ಹೊರಬಂದವಳು ಹಿಂದಿರುಗಿ ಒಲೆ ನೋಡುತ್ತಾಳೆ. ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿದು, ಮೇಲೆ ಹೋಗಿ ಬೀಗ ಜಗ್ಗುತ್ತಾಳೆ. ಎಲ್ಲವನ್ನೂ ಮತ್ತೊಮ್ಮೆ, ಮತ್ತೂ ಒಮ್ಮೆ. ಬಾಯ್ತುಂಬ ಯಾಕೆ ಯಾಕೆ ಎನ್ನುತ್ತಿದ್ದವಳು ಈಗ ಕೇಳುವುದು ಒಂದೇ ಬಗೆಯ ಪ್ರಶ್ನೆ. ಗ್ಯಾಸ್ ಆರಿಸಿದೆನಾ? ನಲ್ಲಿ ನಿಲ್ಲಿಸಿದೆನಾ? ನೀನೇ ನೋಡು ಅಣ್ಣಾ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ.

ನಿನ್ನೆ ಸಂಜೆ ಅವನು ಬಟ್ಟೆ ಮಡಿಸುತ್ತಿದ್ದಾಗ ಅವಳು ಎದುರಿಗೆ ಬಂದು ಕೂತಳು. ಮಡಿಸಲಿದ್ದ ಅಮ್ಮನ ಸೀರೆಯ ಸೆರಗಿನ ಅಂಚನ್ನು ಬೆರಳಲ್ಲಿ ಸುತ್ತಿದಳು, ಬಿಚ್ಚಿದಳು.

“ಅಣ್ಣಾ, ನೀನು ಬರೆದದ್ದು ಸರಿಯಾಗೇ ಇತ್ತು. ನಾನೇ ಸರಿಯಾಗಿ ನೋಡ್ಲಿಲ್ಲ. ಅದು ಗೊತ್ತು ನಂಗೆ” ಎಂದಳು. “ಆದ್ರೂ ಕಣ್ಣು ಮುಚ್ಚಿದ್ರೆ ಅದು ಹಳದಿಯಾಗೇ ಕಾಣತ್ತೆ. ಹಾಗ್ಯಾಕೆ?”

ಅವನು ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದ. ಅಡುಗೆಮನೆಯಲ್ಲಿ ನೀರು ಕುದಿಯುತ್ತಿದೆ ನೋಡು ಎಂದ. ಅವಳು ಎದ್ದು ಹೋದಳು. ಒಲೆ ಆರಿಸಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, ಆರಿಸಿದೆಯೇ ಎಂದು ನೋಡಲು ಅವಳು ಮತ್ತೆ ಹೋದದ್ದೂ ಕೇಳಿಸಿತು.

ಅದು ಹಳದಿಯೇ ಇತ್ತು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.